ಹಳೆಯ ಡರ್ಟ್ ಬೈಕಿನ ಫೋರ್ಕ್: ಜೋಡಿ ತಪ್ಪಿದ ಭಾಗಗಳನ್ನು ಗುರುತಿಸುವ ಬಗೆ

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ ಜೆ.ಸಿ. ರಸ್ತೆಯ ಹಳೆಯ ಬಿಡಿಭಾಗಗಳ ರಾಶಿಯಲ್ಲೋ ಸಿಕ್ಕ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿಯುವ ಎರಡು ಕಾಲುಗಳ ಸಸ್ಪೆನ್ಷನ್) ಹೊರನೋಟಕ್ಕೆ ಸರಿಯಾಗಿಯೇ ಕಂಡರೂ, ಅದರ ಎಡಗಾಲು ಒಂದು ಬೈಕಿನಿಂದ, ಬಲಗಾಲು ಇನ್ನೊಂದರಿಂದ ಬಂದಿರಬಹುದು. ಇದಕ್ಕೆ ಕಾರಣವೂ ಇದೆ. 1970ರ ದಶಕದ ಆರಂಭದಲ್ಲಿ ಸುಮಾರು 180 ಮಿ.ಮೀ. ಇದ್ದ ಮೋಟೋಕ್ರಾಸ್ ಬೈಕುಗಳ ಮುಂದಿನ ಸಸ್ಪೆನ್ಷನ್ ಚಲನೆ 1980ರ ಆಸುಪಾಸಿಗೆ 300 ಮಿ.ಮೀ. ತಲುಪಿತು, ಆ ಬದಲಾವಣೆಯ ವರ್ಷಗಳಲ್ಲಿ ಸವಾರರು ಹೊಸ ಮಾದರಿಯ ಭಾಗಗಳನ್ನು ಹಳೆಯ ಬೈಕಿಗೆ ಧಾರಾಳವಾಗಿ ಜೋಡಿಸಿಕೊಂಡರು.

ತಯಾರಕರ ಕೈಪಿಡಿ ಕೈಯಲ್ಲಿದ್ದರೂ ಮೊದಲು ಎಡವನ್ನು ಬಲದೊಂದಿಗೇ ಹೋಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವರ್ನಿಯರ್ ಕ್ಯಾಲಿಪರ್‌ನಿಂದ ಫೋರ್ಕ್ ಪೈಪಿನ ವ್ಯಾಸವನ್ನು ಮೇಲೆ, ನಡುವೆ ಮತ್ತು ಟೀ (ಎರಡೂ ಪೈಪುಗಳನ್ನು ಬೈಕಿನ ಚೌಕಟ್ಟಿಗೆ ಸೇರಿಸುವ ಅಡ್ಡ ಹಿಡಿ) ಹಿಡಿಯುವ ಜಾಗದಲ್ಲಿ ಅಳೆಯಿರಿ. ಒಂದು ಮಾದರಿಯ ಪೈಪ್ 34 ಮಿ.ಮೀ., ಇನ್ನೊಂದರದು 35 ಮಿ.ಮೀ. ಇರಬಹುದು; ಈ ಒಂದು ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲ. ನಾನು ಬಿಚ್ಚಿದ ಒಂದು ಫೋರ್ಕಿನಲ್ಲಿ ಕೆಳಗಿನ ಟೀಯ ಬೋಲ್ಟ್ ಸಡಿಲಿಸಿದಾಗ ಪೈಪಿನ ಸುತ್ತಲಿಂದ ತಂಪು ಪಾನೀಯದ ಡಬ್ಬಿಯ ತಗಡು ನಾಲ್ಕು ಮಡಿಕೆಯಾಗಿ ಜಾರಿಬಿತ್ತು. ಯಾರೋ 34ರ ಪೈಪನ್ನು 35ರ ಟೀಗೆ ಹಾಗೆಯೇ ಕೂರಿಸಿದ್ದರು; ಹಾರಿ ಇಳಿಯುವ ಬೈಕಿನಲ್ಲಿ ಇದು ಜೀವಕ್ಕೇ ಅಪಾಯ. ಅದೇ ಸಮಯದಲ್ಲಿ ಪೈಪುಗಳ ಉದ್ದವನ್ನೂ ಅಳೆದು, ದಪ್ಪ ಗಾಜಿನ ಮೇಲೆ ಉರುಳಿಸಿ ಬಾಗು ನೋಡಿಕೊಳ್ಳಿ.

ಫೋರ್ಕ್ ಬಾಟಮ್‌ಗಳಲ್ಲಿ (ಪೈಪುಗಳು ಒಳಗೆ ಜಾರುವ ಕೆಳಗಿನ ಕೊಳವೆಗಳು) ಮುಖ್ಯವಾಗಿ ನೋಡಬೇಕಾದದ್ದು ಆಕ್ಸಲ್ (ಚಕ್ರದ ಅಚ್ಚು) ಕೂರುವ ಸ್ಥಾನ. ಹಳೆಯ ವಿನ್ಯಾಸದಲ್ಲಿ ಆಕ್ಸಲ್ ಬಾಟಮ್‌ನ ನೇರ ಕೆಳಗಿರುತ್ತದೆ, ನಂತರದ ದೀರ್ಘ ಚಲನೆಯ ಫೋರ್ಕುಗಳಲ್ಲಿ ಮುಂದಕ್ಕೆ ಚಾಚಿರುತ್ತದೆ. ಮುಂದಕ್ಕೆ ಚಾಚಿದ ಬಾಟಮ್‌ಗಳನ್ನು, ಪೈಪುಗಳನ್ನೇ ಮುಂದಿಟ್ಟು ಹಿಡಿಯುವ ಹಳೆಯ ಟೀಗೆ ಜೋಡಿಸಿದರೆ ಚಕ್ರ ಅಗತ್ಯಕ್ಕಿಂತ ಮುಂದೆ ಹೋಗಿ, ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷ ನೆಲ ಸೇರುವ ಬಿಂದುವಿಗಿಂತ ಚಕ್ರ ನೆಲ ಮುಟ್ಟುವ ಬಿಂದು ಹಿಂದಿರುವ ದೂರ) ಕಡಿಮೆಯಾಗಿ, ವೇಗದಲ್ಲಿ ಹ್ಯಾಂಡಲ್ ಅಲುಗಾಡುತ್ತದೆ. ಆದ್ದರಿಂದ ಬಾಟಮ್‌ಗಳು ತಮ್ಮತಮ್ಮೊಳಗೆ ಜೋಡಿಯಾದರೆ ಸಾಲದು, ಟೀಗೂ ಹೊಂದಬೇಕು. ಎರಡರ ಎರಕದ ಗುರುತುಗಳನ್ನೂ ಆಯಿಲ್ ಸೀಲ್ ಕೂರುವ ಜಾಗದ ಒಳವ್ಯಾಸವನ್ನೂ ಬರೆದಿಟ್ಟುಕೊಳ್ಳಿ.

ಹೆಚ್ಚಿನ ಮೋಸ ಇರುವುದು ಒಳಗೆ. ಸ್ಪ್ರಿಂಗಿನ ಬಿಡಿ ಉದ್ದ, ಸುತ್ತುಗಳ ಸಂಖ್ಯೆ ಮತ್ತು ತಂತಿಯ ದಪ್ಪ ಮೂರನ್ನೂ ನೋಡಿ. ಗಡಸುತನವು ತಂತಿಯ ವ್ಯಾಸದ ನಾಲ್ಕನೇ ಘಾತದಂತೆ ಏರುವುದರಿಂದ, ಉಳಿದದ್ದೆಲ್ಲ ಒಂದೇ ಇದ್ದು ತಂತಿ 4 ಮಿ.ಮೀ. ಬದಲು 4.2 ಮಿ.ಮೀ. ಇದ್ದರೆ ಸ್ಪ್ರಿಂಗ್ ಸುಮಾರು 22% ಗಟ್ಟಿಯಾಗುತ್ತದೆ. ಆದರೂ ಚಕ್ರಕ್ಕೆ ಸಿಗುವುದು ಎರಡೂ ಸ್ಪ್ರಿಂಗುಗಳ ಒಟ್ಟು ಬಲವಾದ್ದರಿಂದ ಅಲ್ಪ ವ್ಯತ್ಯಾಸದಿಂದ ಅನಾಹುತವಾಗದು. ಡ್ಯಾಂಪರ್ ರಾಡುಗಳ (ರಂಧ್ರಗಳ ಮೂಲಕ ಆಯಿಲ್ ಹರಿವನ್ನು ತಡೆದು ಫೋರ್ಕಿನ ಕುಣಿತ ತಗ್ಗಿಸುವ ಒಳಗಿನ ಸರಳುಗಳು) ಉದ್ದದಲ್ಲಿ ವ್ಯತ್ಯಾಸವಿದ್ದರೆ ಮಾತ್ರ ಒಪ್ಪಲಾಗದು: ಫೋರ್ಕ್ ಪೂರ್ತಿ ಚಾಚಿದಾಗ ಗಿಡ್ಡ ರಾಡಿನ ಕಾಲು ಮೊದಲು ನಿಂತು, ಹೊಡೆತವನ್ನೆಲ್ಲ ಅದೊಂದೇ ತಿನ್ನುತ್ತದೆ. ರಾಡುಗಳನ್ನು ಅಕ್ಕಪಕ್ಕ ಮಲಗಿಸಿ ಉದ್ದವನ್ನೂ, ರಂಧ್ರಗಳ ಸಂಖ್ಯೆ, ಸ್ಥಾನ ಮತ್ತು ಗಾತ್ರವನ್ನೂ ಹೋಲಿಸಿ. ಯಾರಾದರೂ ರಂಧ್ರವನ್ನು ಡ್ರಿಲ್ ಮಾಡಿ ದೊಡ್ಡದು ಮಾಡಿದ್ದರೆ ಅಂಚು ಒರಟಾಗಿರುತ್ತದೆ, ಉಗುರಿಗೆ ತಾಗುತ್ತದೆ.

ಕೊನೆಯ ಪರೀಕ್ಷೆಯನ್ನು ಸ್ಪ್ರಿಂಗ್ ಮತ್ತು ಆಯಿಲ್ ಇಲ್ಲದೆ, ಚಕ್ರವಿಲ್ಲದೆ ಮಾಡಬೇಕು. ಎರಡೂ ಕಾಲುಗಳನ್ನು ಟೀಗೆ ಸಮ ಎತ್ತರದಲ್ಲಿ ಕೂರಿಸಿ, ಕೆಳಗೆ ಪೂರ್ತಿ ಎಳೆದು, ಪೈಪಿನ ತುದಿಯಿಂದ ಆಕ್ಸಲ್ ರಂಧ್ರದ ಕೇಂದ್ರದವರೆಗೆ ಅಳೆಯಿರಿ; ಪೂರ್ತಿ ಒತ್ತಿ ಇನ್ನೊಮ್ಮೆ ಅಳೆಯಿರಿ. ಬಳಿಕ ಆಕ್ಸಲ್ಲನ್ನು ಬೆರಳಿನಿಂದ ತಳ್ಳಿ. ಅದು ಎರಡೂ ರಂಧ್ರಗಳಲ್ಲಿ ಸಲೀಸಾಗಿ ಸಾಗಿ, ಬಾಟಮ್‌ಗಳು ಮೇಲಿಂದ ಕೆಳಗಿನವರೆಗೆ ಎಲ್ಲೂ ಹಿಡಿಯದೆ ಜಾರಿದರೆ ಭಾಗಗಳು ಜೋಡಿಯೇ. ಆಕ್ಸಲ್ ಮಧ್ಯದಲ್ಲಿ ಸಿಕ್ಕಿಕೊಂಡರೆ ಸುತ್ತಿಗೆ ಹಿಡಿಯಬೇಡಿ. ಬಾಗಿದ ಪೈಪ್ ಅಥವಾ ಬೇರೆ ಬೈಕಿನ ಬಾಟಮ್ ಎಲ್ಲೋ ಉಳಿದಿದೆ ಎಂದರ್ಥ.