ಬಯಾಪ್ಸಿ ರಿಪೋರ್ಟ್ ಓದುವುದು ಹೇಗೆ?

ರಿಪೋರ್ಟ್ ತೆಗೆದುಕೊಂಡು ಮಂಗಳೂರಿನಲ್ಲಿ ರೈಲು ಹತ್ತಿದ್ದೆವು. ಕಿಟಕಿ ಪಕ್ಕ ಕೂತಿದ್ದ ಚಿಕ್ಕಮ್ಮ ಕವರ್ ಬಿಡಿಸಿ ನೋಡಿದರು. 'ಇಆರ್ ಪಾಸಿಟಿವ್' ಅನ್ನುವ ಸಾಲು ಕಣ್ಣಿಗೆ ಬಿತ್ತು. "ಪಾಸಿಟಿವ್ ಉಂಟಲ್ಲ ಮಗಾ, ಇನ್ನು ನನ್ನ ಕತೆ ಮುಗಿಯಿತು" ಅಂದರು. ಮಂಜೇಶ್ವರ, ಉಪ್ಪಳ, ಕುಂಬಳೆ ಬಂದರೂ ಮತ್ತೆ ಮಾತಿಲ್ಲ. ಅವರು ಹೆದರಿದ್ದು ಆ ರಿಪೋರ್ಟಿನಲ್ಲಿದ್ದ ಒಳ್ಳೆಯ ಸುದ್ದಿಗೆ.

ಸ್ತನ ಕ್ಯಾನ್ಸರಿನ ರಿಪೋರ್ಟ್ ಬರುವುದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ನಮ್ಮ ಕಾಸರಗೋಡಿನ ಎಷ್ಟೋ ಅಮ್ಮಂದಿರಿಗೆ ಸಿಗುವುದಿಲ್ಲ. ಹಾಗಾಗಿ ಈ ಬರಹ. ಚಿಕಿತ್ಸೆಯ ನಿರ್ಧಾರ ಡಾಕ್ಟರದ್ದೇ. ಸರಿಯಾದ ಪ್ರಶ್ನೆ ಕೇಳುವಷ್ಟು ನಮಗೆ ಗೊತ್ತಿದ್ದರೆ ಸಾಕು.

ಮೊದಲು ಒಂದು ವಿಷಯ. 'ಕ್ಯಾನ್ಸರ್ ಜೀನ್' ಅಂತ ಕರೆಯುವ ಎಷ್ಟೋ ಜೀನ್‌ಗಳು ಆರೋಗ್ಯವಾಗಿರುವವರ ದೇಹದಲ್ಲೂ ಇವೆ. ಅಲ್ಲಿ ಅವಕ್ಕೆ ಅವುಗಳದ್ದೇ ಕೆಲಸ ಇದೆ. ನಮ್ಮಲ್ಲಿ ಪ್ರೊಟೀನ್ ತಯಾರಿಸುವ ಜೀನ್‌ಗಳೇ ಸುಮಾರು 20,000. ಅಡಿಕೆ ತೋಟದ ಗೇಟ್‌ವಾಲ್ವ್‌ಗಳನ್ನೆಲ್ಲ ನಾವು ಒಟ್ಟಿಗೆ ತೆರೆಯುವುದಿಲ್ಲ, ಅಲ್ವಾ? ಜೀವಕೋಶವೂ ಹಾಗೆಯೇ, ಬೇಕಾದ ಜೀನನ್ನು ಬೇಕಾದಷ್ಟೇ ತೆರೆಯುತ್ತದೆ. ಗಡ್ಡೆಯಲ್ಲಿ ಈ ಲೆಕ್ಕ ತಪ್ಪುತ್ತದೆ. ಯಾವ ಪ್ರೊಟೀನ್ ಎಷ್ಟು ತಯಾರಾಗಿದೆ ಎಂದು ಲ್ಯಾಬಿನವರು ನೋಡುವುದು ಇದಕ್ಕೇ.

ಈಗ 'ಐಎಚ್‌ಸಿ' ಎಂದಿರುವ ಪುಟ ತೆಗೆಯಿರಿ. ಗಡ್ಡೆಯ ತೆಳು ಪದರವನ್ನು ಗಾಜಿನ ಸ್ಲೈಡಿನ ಮೇಲಿಟ್ಟು, ಬಣ್ಣ ಹಾಕಿ ಪ್ರೊಟೀನ್ ಹುಡುಕುವ ಪರೀಕ್ಷೆ ಅದು. ಇಆರ್, ಪಿಆರ್ ಸಾಲು ಹುಡುಕಿ. ಇವು ಹಾರ್ಮೋನು ಹಿಡಿಯುವ ಪ್ರೊಟೀನ್‌ಗಳು: ಇಆರ್ ಈಸ್ಟ್ರೊಜೆನ್ ಹಿಡಿಯುವುದು, ಪಿಆರ್ ಪ್ರೊಜೆಸ್ಟೆರಾನ್ ಹಿಡಿಯುವುದು. ಸ್ಲೈಡಿಗೆ ಬಣ್ಣ ಹಾಕಿದಾಗ ಇವು ಇರುವ ಕೋಶದ ನಡುವಿನ ನ್ಯೂಕ್ಲಿಯಸ್ ಕಂದು, ಇಲ್ಲದ್ದು ನೀಲಿ. ಚಿಕ್ಕಮ್ಮನ ಸ್ಲೈಡನ್ನು ಒಬ್ಬ ಡಾಕ್ಟರು ನನಗೆ ತೋರಿಸಿದ್ದರು. ಒಂದು ಮೂಲೆಯಲ್ಲಿ ಆರೋಗ್ಯವಾಗಿದ್ದ ಹಾಲಿನ ನಾಳ, ಬಳೆಯ ಹಾಗೆ ದುಂಡಗೆ. ನೀಲಿ ಚುಕ್ಕೆಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಕಂದು. ಅದರ ಪಕ್ಕದಲ್ಲೇ ಗಡ್ಡೆ. ಅಲ್ಲಿ ಬಳೆಯೂ ಇಲ್ಲ, ಸಾಲೂ ಇಲ್ಲ, ಎಲ್ಲಿ ನೋಡಿದರೂ ಕಂದು. ಒಂದೇ ಜೀನ್, ಒಂದೇ ಗಾಜಿನ ತುಂಡಿನ ಮೇಲೆ!

ಗಡ್ಡೆಯ 100 ಕೋಶಗಳಲ್ಲಿ 1 ಕಂದಾದರೂ ಪಾಸಿಟಿವ್. 1ರಿಂದ 10 ಇದ್ದರೆ ಇಆರ್ 'ಲೋ ಪಾಸಿಟಿವ್'. ಪಾಸಿಟಿವ್ ಎಂದರೆ ಹಾರ್ಮೋನಿನ ದಾರಿ ತಡೆಯುವ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆ ಫಲ ಕೊಡುವ ಸಾಧ್ಯತೆ ಜಾಸ್ತಿ. ಚಿಕ್ಕಮ್ಮ ಈಗ ದಿನಾ ರಾತ್ರಿ ಊಟದ ಮೇಲೆ ಅದನ್ನೇ ನುಂಗುತ್ತಾರೆ.

ನೆಗೆಟಿವ್ ಬಂದಿದ್ದರೆ 'ಇಂಟರ್ನಲ್ ಕಂಟ್ರೋಲ್' ಸಾಲನ್ನೂ ಓದಿ. ಪಕ್ಕದ ಆರೋಗ್ಯವಂತ ನಾಳವೂ ಬಣ್ಣ ಹಿಡಿಯದಿದ್ದರೆ ಪರೀಕ್ಷೆಯೇ ಸರಿಯಾಗದೆ ಇರಬಹುದು. ಮತ್ತೆ ಮಾಡಬೇಕಾ ಎಂದು ಕೇಳಿ, ಸಂಕೋಚ ಬೇಡ. ತೆಗೆದ ತುಂಡು ಅದನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರವದಲ್ಲಿ 6ರಿಂದ 72 ಗಂಟೆ ಇರಬೇಕು. ಆ ಸಮಯವನ್ನೂ ಕೆಲವು ರಿಪೋರ್ಟಿನಲ್ಲಿ ಬರೆದಿರುತ್ತಾರೆ.

ಮುಂದಿನದು ಹರ್-2. ಬೆಳೆಯಲು ಸೂಚನೆ ಹಿಡಿಯುವ ಈ ಪ್ರೊಟೀನ್ ಕೋಶದ ಹೊರಪೊರೆಯಲ್ಲಿರುತ್ತದೆ. ಆರೋಗ್ಯವಂತ ಕೋಶದಲ್ಲಿ ಇದರ ಜೀನಿನ ಪ್ರತಿ ಎರಡು. ಕೆಲವು ಗಡ್ಡೆಗಳಲ್ಲಿ ಆ ಪ್ರತಿಗಳು ಸುಮ್ನೆ ಹೆಚ್ಚುತ್ತಾ ಹೋಗುತ್ತವೆ, ಪೊರೆಯ ತುಂಬ ಪ್ರೊಟೀನ್ ಕಿಕ್ಕಿರಿಯುತ್ತದೆ. ಪೊರೆ ಎಷ್ಟು ಬಣ್ಣ ಹಿಡಿದಿದೆ ಎಂದು ನೋಡಿ 0ರಿಂದ 3+ವರೆಗೆ ಅಂಕ ಕೊಡುತ್ತಾರೆ. 0 ಮತ್ತು 1+ ನೆಗೆಟಿವ್, 3+ ಪಾಸಿಟಿವ್. 3+ ಇದ್ದವರಿಗೆ 1998ರಿಂದ ಬಳಕೆಯಲ್ಲಿರುವ ಟ್ರಾಸ್ಟುಝುಮ್ಯಾಬ್ ಎಂಬ ಔಷಧ ಇದೆ. 2+ ಇದ್ದರೆ ಅಲ್ಲಿಗೇ ನಿಲ್ಲಬೇಡಿ. ಜೀನಿನ ಪ್ರತಿಗಳನ್ನೇ ಎಣಿಸುವ 'ಫಿಶ್' ಪರೀಕ್ಷೆ ಆಗಬೇಕು.

ಕೊನೆಯದು ಕೆಐ-67 ಎಂಬ ಪ್ರೊಟೀನಿನ ಸಾಲು. ಇದು ಗಡ್ಡೆಯ ಎಷ್ಟು ಕೋಶಗಳು ಒಡೆದು ಎರಡಾಗುವ ಕೆಲಸದಲ್ಲಿವೆ ಎಂದು ಹೇಳುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ವ್ಯತ್ಯಾಸ ಬರುವ ಅಂಕಿ ಇದು. ಇದೊಂದನ್ನೇ ನೋಡಿ ಹೆದರಬೇಡಿ.

ಇನ್ನೊಬ್ಬ ಡಾಕ್ಟರ ಅಭಿಪ್ರಾಯಕ್ಕೆ ಮಂಗಳೂರಿಗೋ ತಲಶ್ಶೇರಿಗೋ ಹೋಗುವುದಿದ್ದರೆ ಕಾಗದ ಮಾತ್ರ ಸಾಲದು. ಸ್ಲೈಡ್ ಮತ್ತು 'ಬ್ಲಾಕ್' ಕೊಡಿ ಎಂದು ಲ್ಯಾಬಿನಲ್ಲಿ ಬರೆದು ಕೇಳಿ. ಬ್ಲಾಕ್ ಅಂದರೆ ಮೇಣದಲ್ಲಿ ಕೂರಿಸಿದ ಗಡ್ಡೆಯ ತುಂಡು. ಅದನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.