ಕಾಗದದ ಮಿಲ್ಲಿನ ಬೇಲಿ ಪಕ್ಕ ಕಲ್ಲಿದ್ದಲು ಹಾಕುತ್ತಾ

ನಾನು ಭದ್ರಾವತಿಯ ಪೇಪರ್ ಟೌನಿನವನು. ಅಪ್ಪ ಅಲ್ಲಿಯ ಎಂಪಿಎಂನ, ಅಂದರೆ ಮೈಸೂರು ಪೇಪರ್ ಮಿಲ್ಸ್‌ನ, ಬಾಯ್ಲರ್ ಹೌಸಿನಲ್ಲಿದ್ದರು. ಶಿಫ್ಟ್ ಮುಗಿಸಿ ಬಂದರೆ ಬಾಗಿಲಲ್ಲೇ ವಾಸನೆಯಿಂದ ಗೊತ್ತಾಗುತ್ತಿತ್ತು. ಕೆಲಸಕ್ಕೆಂದು ಇಂಗ್ಲೆಂಡಿನ ಕೆಂಟ್‌ಗೆ ಬಂದ ಮೇಲೆ ಒಂದು ಭಾನುವಾರ ಸಿಟ್ಟಿಂಗ್‌ಬೋರ್ನಿನಲ್ಲಿ ಸ್ವಯಂಸೇವಕರು ನಡೆಸುವ ಪುಟ್ಟ ಉಗಿ ರೈಲು ಹತ್ತಿ ಕೆಮ್ಸ್‌ಲಿ ಡೌನ್ ಸ್ಟೇಷನ್ನಿನಲ್ಲಿ ಇಳಿದೆ. ಬೇಲಿಯಾಚೆ ದೊಡ್ಡ ಕಾಗದದ ಮಿಲ್ಲು, ನಡೆಯುತ್ತಿರುವ ಮಿಲ್ಲು. ನಮ್ಮಲ್ಲಿ ಆಗ ಮಾಡುತ್ತಿದ್ದ ಹಾಗೆ ಬಿದಿರು, ನೀಲಗಿರಿ ಬೇಯಿಸುವುದಿಲ್ಲ, ಹಳೆ ರಟ್ಟನ್ನು ಕರಗಿಸಿ ಮತ್ತೆ ಕಾಗದ ಮಾಡುತ್ತಾರೆ. ವಾಸನೆ ಬೇರೆ. ಆದರೂ ವಾಪಸ್ ಬರುವಾಗ ಗಾರ್ಡ್ ಹತ್ತಿರ ‘ಇದಕ್ಕೆ ಸೇರೋದು ಹೇಗೆ?’ ಅಂತ ಕೇಳಿಯೇಬಿಟ್ಟೆ.

ಇಂಜಿನ್ ಓಡಿಸುವ ಕನಸಿನಲ್ಲಿ ಹೋದವನ ಕೈಗೆ ಸಿಕ್ಕಿದ್ದು ಹಳೆ ಬಟ್ಟೆ ಮತ್ತು ಎಣ್ಣೆ ಡಬ್ಬ. ತಿಂಗಳುಗಟ್ಟಲೆ ಒರೆಸಿದ್ದೇ ಒರೆಸಿದ್ದು. ಅಮ್ಮ ಫೋನಿನಲ್ಲಿ, ‘ಇಂಜಿನ್ ಒರೆಸೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ? ಅದೂ ಸಂಬಳ ಇಲ್ದೆ!’ ಅಂದರು. ಒರೆಸುವಾಗಲೇ ಇಂಜಿನ್ ಅರ್ಥವಾಗುವುದು ಅಂತ ಅವರಿಗೆ ಹೇಳಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ. ಚಿಮಣಿ ಯಾಕೆ ಮಡಕೆಯಂತೆ ಉಬ್ಬಿದೆ ಎಂದು ಕೇಳಿದ್ದು ಅದರ ಮಸಿ ತೆಗೆಯುವಾಗ. ಒಳಗೆ ಕಿಡಿ ತಡೆಯುವ ಜಾಲರಿಯ ವ್ಯವಸ್ಥೆ ಇದೆ. ಕಾಗದದ ರಾಶಿಗಳ ನಡುವೆ ಓಡುವ ಇಂಜಿನ್ನಿನಿಂದ ಒಂದು ಕಿಡಿ ಹಾರಿದರೂ ಸಾಕಿತ್ತು. ಅದೇ ಭಯಕ್ಕೆ ಬೆಂಕಿಯೇ ಇಲ್ಲದ ಇಂಜಿನ್ ಕೂಡ ಇಟ್ಟುಕೊಂಡಿದ್ದರು, ಹೆಸರು ಯೂನಿಕ್. ಮಿಲ್ಲಿನ ಬಾಯ್ಲರಿನಿಂದ ಉಗಿ ತುಂಬಿಸಿಕೊಂಡು ಅದು ಮುಗಿಯುವವರೆಗೆ ಓಡುವುದು, ಅಷ್ಟೇ.

ಎರಡೂವರೆ ಅಡಿ ಅಗಲದ ಈ ಹಳಿ ಎಡ್ವರ್ಡ್ ಲಾಯ್ಡ್‌ರ ಹೆಸರಿನ ಕಾಗದ ಕಂಪನಿಯದು, ಆಮೇಲೆ ಬೊವಾಟರ್ ಕಂಪನಿಯ ಕೈಗೆ ಬಂತು. ಬಂದರಿನಿಂದ ಪಲ್ಪ್, ಅಂದರೆ ಕಾಗದದ ತಿರುಳು, ಒಳಕ್ಕೆ, ಮಿಲ್ಲಿನಿಂದ ಕಾಗದ ಹೊರಕ್ಕೆ. 1969ರಲ್ಲಿ ಕಂಪನಿ ರೈಲು ನಿಲ್ಲಿಸಿದಾಗ ರೈಲು ಪ್ರೇಮಿಗಳು ವಹಿಸಿಕೊಂಡರು. ಮಿಲ್ಲು ಮಾತ್ರ ಪಕ್ಕದಲ್ಲಿ ತನ್ನ ಪಾಡಿಗೆ ನಡೆಯುತ್ತಲೇ ಇದೆ. ಹಾಗಾಗಿ ಬೇಲಿ ಎಲ್ಲಿದೆ, ನಾವು ಎಲ್ಲಿಯವರೆಗೆ ಹೋಗಬಹುದು ಎನ್ನುವುದು ಅಲ್ಲಿ ಮೊದಲ ದಿನದ ಪಾಠ. ಕೆಮ್ಸ್‌ಲಿ ಡೌನಿಗೆ ಪ್ರಯಾಣಿಕರು ಬರಬೇಕಾದರೆ ರೈಲೊಂದೇ ದಾರಿ. ಇಂಜಿನ್ ಕೆಟ್ಟರೆ ಜನ ಅಲ್ಲೇ ಬಾಕಿ.

ನಾನು ಅವರನ್ನು ಸ್ವಲ್ಪ ಹೊತ್ತು ಬಾಕಿ ಮಾಡಿದ್ದೂ ಉಂಟು.

ಇಂಜಿನ್ನಿನ ಬೆಂಕಿ, ನೀರು ನೋಡಿಕೊಳ್ಳುವ ಫೈರ್‌ಮನ್ ಕೆಲಸದ ಕಲಿಕೆಯ ಮೊದಲ ದಿನಗಳು. ಇಂಜಿನ್ ಮೆಲಿಯರ್, 1924ರದ್ದು. ಬೆಳಗಿನ ಜಾವ ಹೋಗಿ ಬೂದಿ ತೆಗೆದು, ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡಿ, ಎಣ್ಣೆ ಬಟ್ಟೆ, ಸೌದೆ, ಆಮೇಲೆ ಕಲ್ಲಿದ್ದಲು. ಉಗಿ ಏರಲು ಗಂಟೆಗಟ್ಟಲೆ ಬೇಕು, ಅವಸರ ಮಾಡಿದರೆ ಬಾಯ್ಲರಿಗೇ ಪೆಟ್ಟು. ಹಿರಿಯ ಡ್ರೈವರ್ ಹೇಳಿದ್ದು ಒಂದೇ: ‘ಬೆಂಕಿ ಆಮೇಲೆ, ಮೊದಲು ನೀರು. ಗಾಜನ್ನೂ ನಂಬಬೇಡ, ನಲ್ಲಿ ತಿರುಗಿಸಿ ನೀರು ಮತ್ತೆ ಏರುತ್ತಾ ನೋಡು.’

ಹೊರಡುವ ಹೊತ್ತಿಗೆ ಹೆಚ್ಚಾದ ಉಗಿ ಹೊರಬಿಡುವ ಸೇಫ್ಟಿ ವಾಲ್ವ್ ಬುಸ್ ಅಂತ ಹಾರಿತು. ಮಕ್ಕಳಿಗೆ ಖುಷಿ, ಡ್ರೈವರ್ ಮುಖ ಸಿಂಡರಿಸಿತು. ಅಷ್ಟು ಉಗಿ ದಂಡ. ಮರ್ಯಾದೆ ಉಳಿಸಿಕೊಳ್ಳಲು ಹೋಗಿ, ಕಾಂಕ್ರೀಟ್ ಸೇತುವೆ ಮೇಲೆ ಸಲಿಕೆ ಸಲಿಕೆ ಕಲ್ಲಿದ್ದಲು ತುಂಬಿದೆ. ಬೆಳ್ಳಗೆ ಉರಿಯುತ್ತಿದ್ದ ಬೆಂಕಿ ಕಪ್ಪಾಯಿತು. ಉಗಿಯ ಒತ್ತಡ ತೋರಿಸುವ ಮುಳ್ಳು ಇಳಿಯತೊಡಗಿತು, ಗಾಜಿನಲ್ಲಿ ನೀರೂ ಇಳಿಯುತ್ತಿತ್ತು. ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರ್ ತೆರೆದು ತಣ್ಣೀರು ಬಿಟ್ಟರೆ ಉಗಿ ಇನ್ನೂ ಬೀಳುತ್ತದೆ, ಬಿಡದಿದ್ದರೆ ಬಾಯ್ಲರ್ ಗತಿ? ಕೈ ಅಲ್ಲೇ ನಿಂತುಬಿಟ್ಟಿತು. ಡ್ರೈವರ್ ಮಾತಾಡದೆ ಇಂಜೆಕ್ಟರ್ ಕಡೆ ಗದ್ದ ತೋರಿಸಿದರು. ತೆರೆದೆ.

ಕೆಮ್ಸ್‌ಲಿಗೆ ತೆವಳಿಕೊಂಡು ಬಂದೆವು. ಬೆಂಕಿಗೆ ಗಾಳಿ ಎಳೆಯುವ ಬ್ಲೋವರ್ ಹಾಕಿ, ಉದ್ದ ಕಂಬಿಯಿಂದ ಬೆಂಕಿ ಕೆದಕಿ, ಮುಳ್ಳು ಮೇಲೇರುವವರೆಗೆ ನಿಂತೆವು. ಪ್ರಯಾಣಿಕರಿಗೆ ‘ಇನ್ನೊಂದು ಟೀ ಕುಡಿಯಿರಿ’ ಎಂದು ಗಾರ್ಡ್ ಹೇಳಿದ್ದು ಕೇಳಿಸಿತು. ಬೇಲಿಯಾಚೆ ಮಿಲ್ಲಿನ ಉಗಿ ಯಾರ ಹಂಗೂ ಇಲ್ಲದೆ ಏರುತ್ತಿತ್ತು, ಹೊಟ್ಟೆಕಿಚ್ಚಾಯಿತು.

ಮುಳ್ಳು ಕೆಂಪು ಗೆರೆ ಹತ್ತಿರ ಬಂದ ಕೂಡಲೇ ಫೋಟೊ ತೆಗೆದು ಊರಿಗೆ ಕಳಿಸಿದೆ. ಸಂಜೆ ಅಪ್ಪ ಫೋನ್ ಮಾಡಿದರು. ‘ಉಗಿ ನೋಡಿದೆ ಕಣೋ. ಆಗ ನೀರೆಷ್ಟಿತ್ತು?’