ದಾಸರ ಪದಗಳ ಹಳೆಯ ಧ್ವನಿಮುದ್ರಣ ಹುಡುಕುವುದು

ರಾಯಚೂರು ಸೀಮೆಯ ದಾಸರ ಪದಗಳ ಹಳೆಯ ಧ್ವನಿಮುದ್ರಣ ಬೇಕಿದ್ದರೆ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದಿಂದ (archive.org) ಶುರುಮಾಡಿ. ಕೇಳಲು ಖಾತೆ, ಹಣ ಎರಡೂ ಬೇಡ. ಹುಡುಕಿದ ಮೇಲೆ ಆಡಿಯೋ ಎಂಬ ವಿಭಾಗವನ್ನಷ್ಟೇ ಆರಿಸಿಕೊಳ್ಳಿ, ಇಲ್ಲದಿದ್ದರೆ ಪುಸ್ತಕಗಳ ರಾಶಿಯೇ ಬಂದು ಬೀಳುತ್ತದೆ.

ದಾಸರ ಹೆಸರಿನಿಂದ ಹುಡುಕಿದರೆ ಬಹುಪಾಲು ಕೈಗೆ ಸಿಗುವುದಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಯ ಲೇಬಲ್ ಮೇಲೆ ಇರುತ್ತಿದ್ದುದು ಹಾಡಿದವರ ಹೆಸರು, ಪಲ್ಲವಿಯ ಮೊದಲ ಮಾತು, ಕೆಲವೊಮ್ಮೆ ರಾಗ. ಆದ್ದರಿಂದ ಪಲ್ಲವಿಯನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಮೂರ್ನಾಲ್ಕು ಬಗೆಯಾಗಿ ಟೈಪ್ ಮಾಡಿ. ದಾಸರ ಪದಕ್ಕಿರುವ ಇನ್ನೊಂದು ಹೆಸರಾದ 'ದೇವರನಾಮ'ವನ್ನೂ ಹಾಗೆಯೇ: ಒಂದೇ ಪದವಾಗಿ, ಬಿಡಿಸಿ, 'ದೇವರ್ನಾಮ' ಎಂದು. ಊರಿನ ಹೆಸರಿಗೂ ಇದೇ ಪಾಡು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರಲ್ಲಿ. ಹಳೆಯ ದಾಖಲೆಗಳಿಗೆ 'ಬೆಲ್ಲರಿ' (Bellary) ಎಂದೇ ಹುಡುಕಬೇಕು.

ಸಿಕ್ಕ ಹಾಡು ಯಾರದೆಂದು ತಿಳಿಯಲು ಅಂಕಿತವನ್ನು, ಅಂದರೆ ಹಾಡಿನ ಕೊನೆಯಲ್ಲಿ ಬರುವ ದಾಸರ ಕಾವ್ಯನಾಮವನ್ನು, ಕೇಳಿಸಿಕೊಳ್ಳಿ: ವಿಜಯವಿಠಲ ಎಂದರೆ ಚೀಕಲಪರವಿಯ ವಿಜಯದಾಸರು, ಜಗನ್ನಾಥವಿಠಲ ಎಂದರೆ ಮಾನ್ವಿಯ ಜಗನ್ನಾಥದಾಸರು. ಆದರೆ 78 ಆರ್‌ಪಿಎಂನ (ನಿಮಿಷಕ್ಕೆ 78 ಸುತ್ತು ತಿರುಗುವ) ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಹಿಡಿಸುವುದು ಸುಮಾರು ಮೂರು ನಿಮಿಷ. ಅಂಕಿತ ಬರುವ ಕೊನೆಯ ನುಡಿಯನ್ನೇ ಬಿಟ್ಟಿರಬಹುದು. ಆಗ ಅಚ್ಚಾದ ಸಂಪುಟದ ಪಾಠದೊಂದಿಗೆ ಹೋಲಿಸದೆ ಗತಿಯಿಲ್ಲ.

ಪುಟದಲ್ಲಿ ಕಾಣುವ ತಾರೀಖು ಅಪ್‌ಲೋಡ್ ಮಾಡಿದ್ದಿರಬಹುದು, ಧ್ವನಿಮುದ್ರಣದ್ದೆಂದು ಬರೆದುಕೊಳ್ಳಬೇಡಿ. ಲೇಬಲ್ ಚಿತ್ರವಿದ್ದರೆ ತಟ್ಟೆಯ ಮಾರಾಟದ ಕ್ಯಾಟಲಾಗ್ ಸಂಖ್ಯೆ, ಒಂದೊಂದು ಬದಿಯ ಧ್ವನಿಮುದ್ರಣಕ್ಕೆ ಕೊಟ್ಟ ಮ್ಯಾಟ್ರಿಕ್ಸ್ ಸಂಖ್ಯೆ ಎರಡನ್ನೂ ಗುರುತು ಹಾಕಿಕೊಳ್ಳಿ. ಶ್ರುತಿ ಅಳೆಯುವುದಿದ್ದರೆ ಎಂಪಿ3 ಬಿಟ್ಟು, ಧ್ವನಿಯ ಗುಣಮಟ್ಟ ಕಳೆಯದ ಫ್ಲ್ಯಾಕ್ (FLAC) ಕಡತ ಇಳಿಸಿಕೊಳ್ಳಿ. ಆಗಲೂ ತಟ್ಟೆ ತಿರುಗಿದ ವೇಗ ತುಸು ತಪ್ಪಿದ್ದರೆ ಆಧಾರ ಷಡ್ಜವೇ (ಹಾಡಿನ ಮೂಲ 'ಸ' ಸ್ವರ) ಸರಿದಿರುತ್ತದೆ.

ಸಂಗೀತದ ಹಸ್ತಪ್ರತಿ, ಅಚ್ಚುಪ್ರತಿಗಳ ಅಂತರರಾಷ್ಟ್ರೀಯ ಸೂಚಿಯಾದ ರಿಸ್ಮ್ (RISM) ಕೂಡ ಉಚಿತವೇ, ಆದರೆ ಅದು ಮುಖ್ಯವಾಗಿ ಪಾಶ್ಚಾತ್ಯ ಸ್ವರಲಿಪಿಗಳದ್ದು. ಈ ಕೆಲಸಕ್ಕೆ ಬಾರದು.